ದಾದಿಯ ಜೇಬು

ವೈದ್ಯನ ಕೊರಳಿನಲ್ಲಿ ತೂಗಾಡುವ ನಳಿಗೆಯನ್ನು ಎಲ್ಲರೂ ಕಂಡಿದ್ದಾರೆ. ದಾದಿಯ ಜೇಬಿನಲ್ಲಿ ಏನೇನಿದೆಯೆಂದು ವಿಚಾರಿಸಿದವರು ವಿರಳ. ರೋಗಿಯಾದವನಿಗೆ ಅದರ ಗೊಡವೆಯಿಲ್ಲ. ರೋಗಿಯ ಕಡೆಯವರಿಗೆ ವೈದ್ಯರು ಎಷ್ಟು ಹೊತ್ತಿಗೆ ಬರುವರೆಂಬುದೊಂದೇ ಚಿಂತೆ. ಆದರೆ ವೈದ್ಯರು ಹಾಸಿಗೆಯ ಬಳಿ ನಿಲ್ಲುವುದು ದಿನಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಮಿಕ್ಕ ಹೊತ್ತೆಲ್ಲ ಆ ದೇಹದಲ್ಲಿ ನಡೆಯುವ ಏರುಪೇರುಗಳಿಗೆ ಸಾಕ್ಷಿಯಾಗಿರತಕ್ಕವಳು ದಾದಿ. ಆ ಸಾಕ್ಷ್ಯಕ್ಕೆ ಆಧಾರ, ಒಂದು ಜೇಬಿನಲ್ಲಿ ಹಿಡಿಸುವಷ್ಟು ಸಾಮಾನು.

ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ೧೯೯೧ರಿಂದ ೨೦೨೨ರ ವರೆಗೆ ಕೆಲಸಮಾಡಿ ನಿವೃತ್ತಳಾದ ಹಿರಿಯ ದಾದಿಯೊಬ್ಬಳಿದ್ದಾಳೆ. ಆಕೆಯ ಬಿಳಿಯ ಮೇಲಂಗಿಗೆ ಎರಡು ಜೇಬು. ಬಲಗಡೆಯದರಲ್ಲಿ ಥರ್ಮಾಮೀಟರು, ಲೇಖನಿಯ ಗಾತ್ರದ ಒಂದು ಟಾರ್ಚು, ಸುರುಳಿಸುತ್ತಿದ ಅಳತೆಯ ಟೇಪು, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು. ಎಡಗಡೆಯದರಲ್ಲಿ ಎರಡು ಬಣ್ಣದ ಪೆನ್ನು, ಕತ್ತರಿ, ಒಂದಿಷ್ಟು ಹತ್ತಿ, ಬುದ್ಧಿ ಬಂದ ಮಕ್ಕಳಿಗೆಂದು ನಾಲ್ಕಾರು ಪೆಪ್ಪರಮಿಂಟು. ಈ ಕೊನೆಯದನ್ನು ಯಾವ ಪಠ್ಯಪುಸ್ತಕವೂ ಪರೀಕ್ಷೆಯ ಉಪಕರಣಗಳ ಪಟ್ಟಿಯಲ್ಲಿ ಸೇರಿಸಿಲ್ಲ, ಸೇರಿಸಿದ್ದರೆ ತಪ್ಪಾಗುತ್ತಿರಲಿಲ್ಲ. ಬಾಯಿ ತೆರೆಯಲೊಲ್ಲದ ಐದು ವರ್ಷದ ಮಗುವಿನ ಗಂಟಲನ್ನು ನೋಡುವುದಕ್ಕೆ ನಾಲಿಗೆ ಒತ್ತುವ ಕಡ್ಡಿಗಿಂತ ಅದೇ ಹೆಚ್ಚು ಪ್ರಯೋಜನಕಾರಿ. ಮೊಣಕಾಲಿಗೆ ಕುಟ್ಟುವ ರಬ್ಬರಿನ ಸುತ್ತಿಗೆ ಆಕೆಯ ಬಳಿ ಎಂದೂ ಇರಲಿಲ್ಲ. ಅದು ವೈದ್ಯರ ಮೇಜಿನ ಅಲಂಕಾರವೆಂದು ಆಕೆಯ ಅಭಿಪ್ರಾಯ.

ಆದರೆ ಆಕೆ ಎಲ್ಲಕ್ಕಿಂತ ಹೆಚ್ಚೆಂದು ಎಣಿಸಿದ್ದ ವಸ್ತು ಜೇಬಿನಲ್ಲಿರಲಿಲ್ಲ. ಎಡಗೈಯ ಮಣಿಕಟ್ಟಿನಲ್ಲಿ, ಮುಖವನ್ನು ಒಳಮಗ್ಗುಲಿಗೆ ತಿರುಗಿಸಿ ಕಟ್ಟಿಕೊಂಡ ಒಂದು ಸಾಧಾರಣ ಗಡಿಯಾರ ಅದು. ಅದರ ಸೆಕೆಂಡಿನ ಮುಳ್ಳು ಕೆಂಪು. ಹೊಸದಾಗಿ ಬಂದ ಹುಡುಗಿಯರು ಹೊತ್ತು ನೋಡುವುದಕ್ಕೆ ಮೊಬೈಲನ್ನು ಹೊರತೆಗೆದರೆ ಆಕೆ ಮುಖ ಸಿಂಡರಿಸುವಳು. ಒಂದು ಕೈ ರೋಗಿಯ ಮೈಮೇಲಿರಬೇಕು, ಕಣ್ಣು ಅವನ ಮೇಲೂ ಮುಳ್ಳಿನ ಮೇಲೂ ಇರಬೇಕು. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದವಳಿಗೆ ಇದು ಹೇಗೆ ಸಾಧ್ಯ ಎಂಬುದು ಆಕೆಯ ವಾದ. ವಾದದಲ್ಲಿ ಸ್ವಲ್ಪ ಹಟವೂ ಇತ್ತೆನ್ನಬೇಕು.

ನಾಡಿಗೂ ಗಡಿಯಾರಕ್ಕೂ ಗಂಟುಬಿದ್ದುದು ಬಹಳ ಹಿಂದಿನ ಮಾತಲ್ಲ. ಶಾರ್ಙ್ಗಧರನ ಸಂಹಿತೆಯಲ್ಲಿ ನಾಡಿಯ ಪರೀಕ್ಷೆ ವಿವರವಾಗಿಯೇ ಇದೆ. ಆದರೆ ಅಲ್ಲಿ ಎಣಿಕೆಯಿಲ್ಲ, ನಡೆಯಿದೆ. ವಾತದಲ್ಲಿ ನಾಡಿ ಹಾವಿನಂತೆ ಸರಿಯುವುದು, ಪಿತ್ತದಲ್ಲಿ ಕಪ್ಪೆಯಂತೆ ನೆಗೆಯುವುದು, ಕಫದಲ್ಲಿ ಹಂಸದಂತೆ ಮೆಲ್ಲಗೆ ಅಡಿಯಿಡುವುದು. ಇದು ಬೆರಳಿಗೆ ಬಂದ ವಿದ್ಯೆ. ಒಬ್ಬನ ಬೆರಳಿನಿಂದ ಇನ್ನೊಬ್ಬನ ಕಾಗದಕ್ಕೆ ಇಳಿಸುವುದು ಕಷ್ಟ. ಇಂಗ್ಲೆಂಡಿನ ಲಿಚ್‌ಫೀಲ್ಡಿನಲ್ಲಿದ್ದ ಜಾನ್ ಫ್ಲಾಯರ್ ಎಂಬ ವೈದ್ಯನು ಒಂದು ನಿಮಿಷ ನಡೆಯುವ ಗಡಿಯಾರವನ್ನು ಮಾಡಿಸಿಕೊಂಡು, ನಾಡಿಯನ್ನು ಅದರೊಡನೆ ಎಣಿಸುವ ಕ್ರಮವನ್ನು ೧೭೦೭ರಲ್ಲಿ ಗ್ರಂಥವಾಗಿ ಬರೆದನು. ಅಂದಿನಿಂದ ನಾಡಿ ಒಂದು ಅಂಕಿಯಾಯಿತು. ಹಂಸ ಹೋಯಿತು, ಎಪ್ಪತ್ತೆರಡು ಬಂದಿತು. ಹಂಸವನ್ನು ಕಳೆದುಕೊಂಡುದಕ್ಕೆ ದುಃಖಪಡುವವರು ಪಡಲಿ; ರಾತ್ರಿ ಪಾಳಿಯವಳು ಬರೆದುದನ್ನು ಬೆಳಗಿನವಳು ಓದಿ ತಿಳಿಯಬೇಕಾದರೆ ಎಪ್ಪತ್ತೆರಡೇ ಬೇಕು.

ಥರ್ಮಾಮೀಟರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಜರ್ಮನಿಯ ಲೈಪ್‌ಜಿಗ್ ನಗರದ ವುಂಡರ್‌ಲಿಖ್ ಎಂಬ ವೈದ್ಯನು ಸುಮಾರು ೨೫,೦೦೦ ರೋಗಿಗಳ ಕಂಕುಳಿನ ಕಾವನ್ನು ಮತ್ತೆ ಮತ್ತೆ ಅಳೆದು, ೧೮೬೮ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಆರೋಗ್ಯವಂತನ ಮೈಗೆ ೩೭ ಡಿಗ್ರಿ, ಅಂದರೆ ಹಳೆಯ ಲೆಕ್ಕದಲ್ಲಿ ೯೮.೬ ಎಂಬ ಮಾತು ಮನೆಮನೆಗೂ ಮುಟ್ಟಿದುದು ಅವನಿಂದ. ಈಚೆಗೆ ಅಳೆದವರಿಗೆ ಸರಾಸರಿ ಕಾವು ಅದಕ್ಕಿಂತ ತುಸು ಕಡಿಮೆಯೆಂದೇ ಕಂಡಿದೆ. ಆದರೂ ಹಳೆಯ ಅಂಕಿ ಜನರ ಬಾಯಿ ಬಿಟ್ಟಿಲ್ಲ. ಆ ಕಾಲದ ಉಪಕರಣವೋ ಮೊಳದುದ್ದಕ್ಕೆ ಸಮೀಪ. ರೋಗಿ ಅದನ್ನು ಇಪ್ಪತ್ತು ನಿಮಿಷ ಅವುಚಿಕೊಂಡಿರಬೇಕಾಗಿತ್ತು. ಇಂಗ್ಲೆಂಡಿನ ಆಲ್ಬಟ್ ಎಂಬ ವೈದ್ಯನು ೧೮೬೭ರ ಸುಮಾರಿಗೆ ಅದನ್ನು ಆರು ಅಂಗುಲಕ್ಕೆ ಇಳಿಸಿ, ಐದು ನಿಮಿಷಕ್ಕೆ ಕೆಲಸ ಮುಗಿಯುವಂತೆ ಮಾಡಿದನು. ಥರ್ಮಾಮೀಟರು ಜೇಬನ್ನು ಸೇರಿದುದು ಆಗ. ಅದರ ಗಾಜಿನ ಕೊರಳಿನಲ್ಲಿ ಕೂದಲಿನಂಥ ಒಂದು ಇಕ್ಕಟ್ಟು. ಏರಿದ ಪಾದರಸ ಅದನ್ನು ದಾಟಿ ತಾನಾಗಿ ಇಳಿಯಲಾರದು. ಆದುದರಿಂದಲೇ ಪ್ರತಿ ಸಲವೂ ಅದನ್ನು ಕೊಡಹಬೇಕು.

ಪಾದರಸದ ಥರ್ಮಾಮೀಟರು ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ. ಒಡೆದರೆ ನೆಲದ ಮೇಲೆ ಮುತ್ತಿನಂತೆ ಉರುಳುವ ಆ ಲೋಹವನ್ನು ವಾರ್ಡಿನ ಮಕ್ಕಳು ಬೆರಳಿನಿಂದ ಅಟ್ಟಿಸಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಅದರ ಆವಿ ವಿಷವೆಂಬ ಅರಿವಿನಿಂದ ೨೦೧೩ರಲ್ಲಿ ಆದ ಮಿನಮಾತ ಒಪ್ಪಂದವು ಅಂಥ ಉಪಕರಣಗಳ ತಯಾರಿಕೆಗೆ ೨೦೨೦ನ್ನು ಗಡುವಾಗಿ ಇಟ್ಟಿತು. ಈಗಿನದು ಪುಟ್ಟ ಬ್ಯಾಟರಿಯ ಥರ್ಮಾಮೀಟರು. ಕಾವು ನೋಡಿ ಕೀಚ್ ಎಂದು ಕೂಗುತ್ತದೆ. ಹಿರಿಯ ದಾದಿ ಅದನ್ನೂ ಕಂಕುಳಿಗೆ ಇಡುವ ಮೊದಲು ಮಣಿಕಟ್ಟಿನಿಂದ ಎರಡು ಸಲ ಕೊಡಹುವಳು. ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವರು. ಆಕೆಗೆ ತಾನು ಕೊಡಹಿದುದೇ ತಿಳಿಯದು.

ಸ್ಟೆತಸ್ಕೋಪು ದಾದಿಯದಲ್ಲವೆಂದು ಹೇಳುವವರುಂಟು. ಪ್ಯಾರಿಸಿನ ನೆಕ್ಕೇರ್ ಆಸ್ಪತ್ರೆಯಲ್ಲಿ ಲೆನೆಕ್ ಎಂಬ ವೈದ್ಯನು ೧೮೧೬ರಲ್ಲಿ ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿಮಾಡಿ ಹಿಡಿದನು. ಬರಿಗಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಸಂಕೋಚದಿಂದ ಹುಟ್ಟಿದ ಉಪಕರಣ ಬಹುಶಃ ಇದೊಂದೇ. ಲೆನೆಕನ ಮರದ ನಳಿಗೆಗೆ ಹತ್ತಿರದ ನೆಂಟ, ಬಸುರಿಯ ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತವನ್ನು ಕೇಳುವ ಕಹಳೆಯಾಕಾರದ ಕೊಳವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಿನಾರ್ ಎಂಬ ಫ್ರೆಂಚ್ ವೈದ್ಯನು ರೂಪಿಸಿದ ಇದು ಸೂಲಗಿತ್ತಿಯರ ಮತ್ತು ದಾದಿಯರ ಸೊತ್ತು. ಇದಕ್ಕೆ ಬ್ಯಾಟರಿ ಬೇಡ, ರಬ್ಬರು ಬೇಡ. ಬೇಕಾದುದು ಬಗ್ಗುವ ಬೆನ್ನು ಮತ್ತು ಸುಮ್ಮನಿರುವ ಸುತ್ತಮುತ್ತಲು. ಈ ಎರಡನೆಯದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕುವುದು ನಡುರಾತ್ರಿಯ ಮೇಲೆ ಮಾತ್ರ.

ರಕ್ತದೊತ್ತಡದ ಪಟ್ಟಿಯನ್ನು ಕುರಿತು ಎರಡು ಮಾತು ಸಾಕು. ಇಟಲಿಯ ರೀವಾ-ರೊಚ್ಚಿ ೧೮೯೬ರಲ್ಲಿ ತೋಳಿಗೆ ಗಾಳಿಯ ಪಟ್ಟಿಯನ್ನು ಸುತ್ತಿದನು. ರಷ್ಯದ ಕೊರೊಟ್ಕೋವ್ ೧೯೦೫ರಲ್ಲಿ ಅದರ ಕೆಳಗೆ ಸ್ಟೆತಸ್ಕೋಪನ್ನಿಟ್ಟು, ಸದ್ದು ಹುಟ್ಟುವ ಮತ್ತು ಅಡಗುವ ಎರಡು ಗಳಿಗೆಗಳನ್ನು ಗುರುತಿಸಿದನು. ಅಷ್ಟೇ, ಇಂದಿಗೂ ವಿದ್ಯೆ ಅದೇ. ಆದರೆ ದಪ್ಪತೋಳಿಗೆ ಕಿರಿದಾದ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡ ಕಾಣಿಸುವುದು. ಬಸ್ಸಿಳಿದು ಓಡಿಬಂದವನಿಗೆ ಕೂಡಲೆ ಸುತ್ತಿದರೂ ಹಾಗೆಯೇ. ಹಿರಿಯ ದಾದಿ ಅಂಥವರನ್ನು ಬೆಂಚಿನ ಮೇಲೆ ಐದು ನಿಮಿಷ ಬಾಯಿಮುಚ್ಚಿ ಕೂರಿಸುವಳು. ಬಾಯಿಮುಚ್ಚಿ ಕೂರುವುದೇ ಹಲವರಿಗೆ ಔಷಧಕ್ಕಿಂತ ಕಹಿ.

ಇನ್ನು ಆಕ್ಸಿಮೀಟರು. ಜಪಾನಿನ ಇಂಜಿನಿಯರ್ ತಕುವೊ ಅವೊಯಾಗಿ ೧೯೭೪ರಲ್ಲಿ ಇದರ ತತ್ತ್ವವನ್ನು ಲೋಕಕ್ಕೆ ತಿಳಿಸಿದನು. ಕಣ್ಣಿಗೆ ಕಾಣುವ ಕೆಂಪು ಬೆಳಕನ್ನೂ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಮಿಡಿಯುವ ರಕ್ತ ಎಷ್ಟನ್ನು ಹೀರಿತೆಂಬುದರಿಂದ ರಕ್ತದಲ್ಲಿರುವ ಆಮ್ಲಜನಕವನ್ನು ಲೆಕ್ಕಹಾಕುವ ಯುಕ್ತಿ ಇದು. ಕೊರೋನಾ ಕಾಲದಲ್ಲಿ ಇದು ಅಡುಗೆಮನೆಯ ಗೂಡಿನವರೆಗೂ ಬಂದಿತು. ಉಪಕಾರ ದೊಡ್ಡದು; ಆದರೆ ತಣ್ಣಗಾದ ಬೆರಳು, ಉಗುರಿನ ಬಣ್ಣ, ಕೈಕಾಲು ಆಡಿಸುವ ಮಗು, ಇವೆಲ್ಲ ಇದನ್ನು ಏಮಾರಿಸಬಲ್ಲವು. ಅಮೆರಿಕದಲ್ಲಿ ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕಪ್ಪು ಜನರಲ್ಲಿ ಆಮ್ಲಜನಕದ ಕೊರತೆಯನ್ನು ಈ ಉಪಕರಣ ಕಾಣದೆ ಬಿಡುವುದು ಬಿಳಿಯರಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟೆಂದು ತೋರಿಸಿತು. ಗದ್ದೆಯಲ್ಲಿ ದುಡಿದು ಬಂದ ಕಪ್ಪುಬೆರಳಿನ ಜನರ ನಡುವೆ ಕೆಲಸಮಾಡುವವರು ಮರೆಯಬಾರದ ಮಾತು ಇದು.

ಹೀಗೆ ಕಾವಿಗೊಂದು, ಒತ್ತಡಕ್ಕೊಂದು, ರಕ್ತದ ಬಣ್ಣಕ್ಕೊಂದು ಉಪಕರಣವಾಯಿತು. ಉಪಕರಣವಿಲ್ಲದೆ ಉಳಿದುದು ಉಸಿರು. ದೇಹದ ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಉಸಿರಿನ ಎಣಿಕೆಯೂ ಒಂದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಎಣಿಸುವುದಕ್ಕೆ ಕಣ್ಣು, ಗಡಿಯಾರ ಮತ್ತು ಪೂರ್ತಿ ಒಂದು ನಿಮಿಷ ಬೇಕು. ಆ ಒಂದು ನಿಮಿಷವೇ ದುರ್ಲಭ. ಒಬ್ಬ ದಾದಿಗೆ ಮೂವತ್ತು ಹಾಸಿಗೆಗಳಿದ್ದಲ್ಲಿ ಉಸಿರೆಣಿಸುವುದಕ್ಕೇ ಅರ್ಧ ಗಂಟೆ ಬೇಕಾಗುವುದು. ಅದರ ಫಲವಾಗಿ ಎಷ್ಟೋ ವಾರ್ಡುಗಳ ಕೇಸ್‌ಶೀಟುಗಳಲ್ಲಿ ಉಸಿರಿನ ಕಲಮಿನ ಉದ್ದಕ್ಕೂ ೨೦, ೨೦, ೨೦ ಎಂದು ಸಾಲುಗಟ್ಟಿ ನಿಂತಿರುತ್ತದೆ. ಎಲ್ಲ ರೋಗಿಗಳೂ ಒಂದೇ ತಾಳಕ್ಕೆ ಉಸಿರಾಡುವ ಇಂಥ ಸೋಜಿಗ ಆಸ್ಪತ್ರೆಯ ಹೊರಗೆ ಕಾಣಸಿಗದು. ದಾದಿಗೆ ಕಲಿಸಬೇಕಾದ ಅತಿ ಮುಖ್ಯವಾದ ಪಾಠ ಏನನ್ನು ಹೇಗೆ ಗಮನಿಸಬೇಕೆಂಬುದು, ಎಂದು ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರ ತನ್ನ ಪುಸ್ತಕದಲ್ಲಿಯೇ ವಾದಿಸಿದ್ದಳು. ಆಕೆಯ ಚಿತ್ರ ತೂಗುಹಾಕದ ದಾದಿಯರ ಶಾಲೆ ಅಪರೂಪ. ಆ ಪಾಠ ಗೋಡೆಯಿಂದ ಇಳಿದು ಹಾಸಿಗೆಯ ಬಳಿಗೆ ಬರುವುದೂ ಅಷ್ಟೇ ಅಪರೂಪ.

ಹಿರಿಯ ದಾದಿಯೂ ಒಂದು ಕಾಲದಲ್ಲಿ ೨೦ ಎಂದು ಬರೆದವಳೇ.

ಅದು ೧೯೯೪. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅಂಡವಾಯುವಿನ ಶಸ್ತ್ರಕ್ರಿಯೆಯಾಗಿ ಎರಡನೆಯ ರಾತ್ರಿ ಕಳೆಯುತ್ತಿದ್ದ, ಐವತ್ತರ ಆಸುಪಾಸಿನ ಒಬ್ಬ ರೈತನಿದ್ದನು. ರಾತ್ರಿ ಎರಡು ಗಂಟೆಗೆ ಆಕೆ ಅವನ ಬಳಿಗೆ ಹೋದಾಗ ಕಾವು ೯೯, ನಾಡಿ ೯೬. ಒತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. "ತಲೆದಿಂಬು ಒಸಿ ಎತ್ತರ ಮಾಡವ್ವ" ಎಂದನು. ಮಾಡಿದಳು. ಉಸಿರಿನ ಕಲಮಿನಲ್ಲಿ ಮೇಲಿನ ನಾಲ್ಕು ಸಾಲುಗಳಲ್ಲಿ ಇದ್ದುದನ್ನೇ ಐದನೆಯದರಲ್ಲಿಯೂ ಬರೆದು ಮುಂದಿನ ಹಾಸಿಗೆಗೆ ಹೋದಳು. ಐದೂವರೆಗೆ ಅವನು ತೀರಿಕೊಂಡಿದ್ದನು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿರಬೇಕೆಂದು ವೈದ್ಯರು ಊಹಿಸಿದರು; ಮೊದಲೇ ತಿಳಿದಿದ್ದರೂ ಆ ಊರಿನಲ್ಲಿ ಮಾಡಬಹುದಾದುದು ಅಲ್ಪವೇ ಎಂದೂ ಹೇಳಿದರು. ವಿಚಾರಣೆಗೆಂದು ಕೇಸ್‌ಶೀಟನ್ನು ತರಿಸಿ ನೋಡಿದರು. ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಕಾಗದ ಆಕೆಯ ಪರವಾಗಿತ್ತು. ಯಾರೂ ಆಕೆಯನ್ನು ಒಂದು ಮಾತು ಆಡಲಿಲ್ಲ. ಸತ್ತವನ ಹೆಂಡತಿ ಹೋಗುವಾಗ ಕೈಮುಗಿದು ಹೋದಳು. ಆ ಕೈಮುಗಿದುದನ್ನು ಮಾತ್ರ ಆಕೆಗೆ ಮರೆಯಲಾಗಲಿಲ್ಲ. ದಿಂಬು ಎತ್ತರಿಸಲು ಕೇಳಿದವನು ಉಸಿರಿಗಾಗಿ ಕೇಳಿದ್ದನೆಂಬುದು ಹೊಳೆದಾಗ ಬೆಳಗಾಗಿತ್ತು.

ಅಂದಿನಿಂದ ಗಡಿಯಾರ ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿತು. ಉಸಿರೆಣಿಸುವೆನೆಂದು ಹೇಳಿದರೆ ರೋಗಿ ತನ್ನ ಉಸಿರಿನ ಕಡೆಗೆ ತಾನೇ ಗಮನಕೊಟ್ಟು ಅದನ್ನು ಬದಲಿಸಿಬಿಡುವನು. ಆದಕಾರಣ ಆಕೆ ನಾಡಿಯನ್ನು ಎಣಿಸಿ ಮುಗಿಸಿದ ಮೇಲೂ ಬೆರಳನ್ನು ತೆಗೆಯದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವಳಂತೆ ಮುಖಮಾಡಿ, ಎದೆಯ ಏರಿಳಿತವನ್ನು ಎಣಿಸುವಳು. ಎಲ್ಲ ದಾದಿಯರಿಗೂ ಕಲಿಸುವ ಸಣ್ಣ ಕಪಟ ಇದು. ಅರ್ಧ ನಿಮಿಷ ಎಣಿಸಿ ಇಮ್ಮಡಿಸುವ ಲೆಕ್ಕಕ್ಕೆ ಆಕೆ ಒಪ್ಪಳು.

ದೊಡ್ಡವರಿಗಿಂತ ಮಕ್ಕಳಲ್ಲಿ ಈ ಎಣಿಕೆಗೆ ಬೆಲೆ ಹೆಚ್ಚು. ಪಾಪುವಾ ನ್ಯೂಗಿನಿಯ ಬೆಟ್ಟಗಾಡಿನಲ್ಲಿ, ಕ್ಷ-ಕಿರಣದ ಯಂತ್ರ ಎಲ್ಲೆಡೆ ಎಟುಕದ ಕಡೆ, ಫ್ರಾಂಕ್ ಶಾನ್ ಎಂಬ ವೈದ್ಯರೂ ಅವರ ಜೊತೆಯವರೂ ಕೆಮ್ಮುವ ಮಕ್ಕಳನ್ನು ಪರೀಕ್ಷಿಸಿ, ನ್ಯುಮೋನಿಯವನ್ನು ಗುರುತಿಸಲು ಉಸಿರಿನ ವೇಗ ಒಳ್ಳೆಯ ಆಧಾರವೆಂದು ೧೯೮೪ರಲ್ಲಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಅದನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿತು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ ೬೦, ಎರಡರಿಂದ ಹನ್ನೆರಡು ತಿಂಗಳವರೆಗೆ ೫೦, ಒಂದರಿಂದ ಐದು ವರ್ಷದವರೆಗೆ ೪೦, ಇಷ್ಟಾದರೂ ಇದನ್ನು ಮೀರಿದರೂ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಇನ್ನೂ ಕಳವಳಪಡಬೇಕಾದುದು. ಹಳ್ಳಿಯ ಅಜ್ಜಿಯರು "ಪಕ್ಕೆ ಎಳೀತದೆ" ಎಂದು ಹೇಳುತ್ತಿದ್ದುದೂ ಇದನ್ನೇ. ಅವರ ಬಳಿ ಇಲ್ಲದಿದ್ದುದು ಅಂಕಿ ಮಾತ್ರ.

೨೦೨೧ರ ಜುಲೈ ತಿಂಗಳ ಒಂದು ರಾತ್ರಿ. ಕೊರೋನಾದ ಎರಡನೆಯ ಅಲೆ ಇಳಿದಿದ್ದರೂ ಜನ ಆಸ್ಪತ್ರೆಯ ಬಾಗಿಲಿಗೆ ಬರಲು ಹೆದರುತ್ತಿದ್ದ ಕಾಲ. ಹೊರಗೆ ಜಡಿಮಳೆ. ಒಂಬತ್ತು ತಿಂಗಳ ಗಂಡುಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಾಯಿಯೊಬ್ಬಳು ಬಂದಳು. ಮೂರು ದಿನದ ಕೆಮ್ಮು, ಜ್ವರ. ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ಹುಡುಗಿ ಕೂಸನ್ನು ನೋಡಿದಳು: ಕಾವು ೯೮.೪, ಸಂಜೆ ಜ್ವರದ ಔಷಧ ಕುಡಿಸಿದ್ದರಂತೆ. ಕಾಲಿನ ಹೆಬ್ಬೆರಳಿಗೆ ಆಕ್ಸಿಮೀಟರನ್ನು ಮೂರು ಸಲ ಹಿಡಿದ ಮೇಲೆ ೯೫ ಎಂದು ತೋರಿಸಿತು. ಉಸಿರಿನ ಕಲಮಿನಲ್ಲಿ ೩೨ ಎಂದು ಬರೆದು, ಬೆಳಿಗ್ಗೆ ವೈದ್ಯರಿಗೆ ತೋರಿಸಿಕೊಂಡು ಹೋಗಬಹುದೆಂದು ಹೇಳುವುದರಲ್ಲಿದ್ದಳು.

"ಜ್ವರ ಇಳ್ದದೆ ಸಿಸ್ಟ್ರಮ್ಮ, ಆದ್ರೂ ಕೂಸು ಮೊಲೆ ಹಿಡೀತಿಲ್ಲ ಕಣ್ರವ್ವ" ಎಂದಳು ತಾಯಿ.

ಪಕ್ಕದ ಹಾಸಿಗೆಯ ಬಳಿಯಿದ್ದ ಹಿರಿಯವಳು ಈ ಮಾತಿಗೆ ತಿರುಗಿದಳು. ಕೇಸ್‌ಶೀಟನ್ನು ನೋಡಿದಳು. "ಮೂವತ್ತೆರಡು ಎಲ್ಲಿಂದ ಬಂತೇ?" ಎಂದು ಮೆಲ್ಲಗೆ ಕೇಳಿದಳು. ಹುಡುಗಿ ಉತ್ತರ ಹೇಳಲಿಲ್ಲ, "ಅಕ್ಕಾ, ತೊಂಬತ್ತೈದು ಇದೆಯಲ್ಲ?" ಎಂದಳು.

"ಇರಲಿ. ಅಂಗಿ ಎತ್ತು."

ಅಷ್ಟರಲ್ಲಿ ಕೂಸು ಅತ್ತಿತು. ಅಳುವ ಕೂಸಿನ ಉಸಿರನ್ನು ಎಣಿಸುವಂತಿಲ್ಲ. ತಾಯಿಯ ತೊಡೆಯ ಮೇಲೆ ಮಲಗಿಸಿ, ತಟ್ಟಿ, ಕಾಯಬೇಕಾಯಿತು. ಎಂಟು ನಿಮಿಷ ಕಳೆಯಿತು. ಕೂಸು ಸುಮ್ಮನಾಗುವ ಹೊತ್ತಿಗೆ ವಿದ್ಯುತ್ತು ಹೋಯಿತು. ಹಿರಿಯವಳು ಜೇಬಿನಿಂದ ಟಾರ್ಚನ್ನು ತೆಗೆದು ನೆಟ್ಟಗೆ ಬಿಡದೆ ಓರೆಯಾಗಿ, ಹೊಟ್ಟೆಯ ಮಟ್ಟಕ್ಕೆ ಹಿಡಿದಳು. ಆ ಓರೆಬೆಳಕಿನಲ್ಲಿ, ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಒಂದು ನೆರಳು ಮೂಡುತ್ತ ಮಾಯುತ್ತ ಇದ್ದುದು ಹುಡುಗಿಗೂ ಕಂಡಿತು. ದೀಪವಿದ್ದಾಗ ಅದು ಕಂಡಿರಲಿಲ್ಲ. ಹಿರಿಯವಳು ಗಡಿಯಾರವನ್ನು ಬಿಚ್ಚಿ ಹುಡುಗಿಯ ಕೈಗೆ ಕಟ್ಟಿದಳು. ಇಬ್ಬರೂ ಮನಸ್ಸಿನಲ್ಲಿಯೇ ಎಣಿಸಿದರು. ಹುಡುಗಿಗೆ ೫೮ ಬಂದಿತು. ಮುಳ್ಳನ್ನೇ ನೋಡುತ್ತ ನಡುವೆ ಕೆಲವನ್ನು ಬಿಟ್ಟಿದ್ದಳು. ಮತ್ತೆ ಎಣಿಸಿದರು. ಈ ಸಲ ಇಬ್ಬರದೂ ೬೨. ಹುಡುಗಿ ಕೇಸ್‌ಶೀಟಿನ ೩೨ನ್ನು ಹೊಡೆದುಹಾಕುವಾಗ ಆಕೆಯ ಕೈ ನಡುಗುತ್ತಿತ್ತು. ಮೂರರ ಜಾಗದಲ್ಲಿ ಆರು. ಬೇರೆ ವ್ಯತ್ಯಾಸ ಕಾಗದದ ಮೇಲೆ ಏನೂ ಇರಲಿಲ್ಲ.

ವೈದ್ಯರನ್ನು ಕ್ವಾರ್ಟರ್ಸಿನಿಂದ ಕರೆಸಿದರು. ಅವರು ಛತ್ರಿ ಮಡಿಸುತ್ತಲೇ ಎಷ್ಟೆಂದು ಕೇಳಿದರು. ಅರವತ್ತೆರಡು, ಪಕ್ಕೆ ಸೆಳೆತವಿದೆ ಎಂದಳು ಹಿರಿಯವಳು. ಮುಂದಿನದು ವೈದ್ಯರ ಕೆಲಸ: ಸ್ಟೆತಸ್ಕೋಪು, ಸೂಜಿಮದ್ದು, ಆಮ್ಲಜನಕ. ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಬಲಗಡೆಯ ಶ್ವಾಸಕೋಶದ ಕೆಳಗೆ ಬಿಳಿಯ ಮಬ್ಬು ಕಂಡಿತು. ಟೇಪನ್ನು ಕೂಸಿನ ತೋಳಿಗೆ ಸುತ್ತಿದಾಗ ಹನ್ನೆರಡು ಸೆಂಟಿಮೀಟರಿಗೆ ಬಂದಿತು. ಹನ್ನೊಂದೂವರೆಗೆ ಕೆಳಗಾದರೆ ಕೆಂಪು, ಹನ್ನೆರಡೂವರೆಗೆ ಕೆಳಗಾದರೆ ಹಳದಿ, ಇದು ಹಳದಿ. ಅಂದರೆ ಕೂಸು ಹೊಟ್ಟೆಗೆ ಸಾಲದೆಯೂ ಸೊರಗಿತ್ತು. ಆ ವಿಷಯವಾಗಿ ತಾಯಿಯನ್ನು ಗದರಿಸಹೊರಟ ಹುಡುಗಿಯನ್ನು ಹಿರಿಯವಳು ಕಣ್ಣಿನಿಂದಲೇ ತಡೆದಳು. ಎರಡು ವರ್ಷದ ಕೊರೋನಾದಲ್ಲಿ ಕೂಲಿಯಿಲ್ಲದ ಮನೆ ಅದು.

ಮರುದಿನದ ಪಾಳಿಯ ಎಣಿಕೆಗಳನ್ನೆಲ್ಲ ಹುಡುಗಿಯೇ ಬರೆದಳು: ೬೧, ೫೭, ೫೮, ೫೩. ಎಣಿಸಿದ ಅಂಕಿಗಳು ದುಂಡಗೆ ಬರುವುದಿಲ್ಲ. ಆ ಕಲಮನ್ನು ನೋಡಿದ ಕೂಡಲೆ ತಿಳಿಯುತ್ತಿತ್ತು, ಅಲ್ಲಿ ಯಾರೋ ನಿಂತಿದ್ದರೆಂದು. ಗಡಿಯಾರವನ್ನು ಆಕೆ ಹಿಂದಿರುಗಿಸಹೋದಾಗ, ಕೂಸು ಮನೆಗೆ ಹೋಗುವವರೆಗೆ ಇರಲಿ ಎಂದು ಹಿರಿಯವಳು ಹೇಳಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಕೂಸು ತಾಯಿಯ ತೊಡೆಯ ಮೇಲೆ ಕುಳಿತಿತ್ತು. "ಇವತ್ತೂ ಎಣಿಸ್ಬೇಕಾ ಸಿಸ್ಟ್ರಮ್ಮ?" ಎಂದು ತಾಯಿ ನಕ್ಕಳು. ಹುಡುಗಿ ಅಂಗಿಯನ್ನು ಎತ್ತಿ, ಕೆಂಪುಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು, ಎಣಿಸತೊಡಗಿದಳು. ಇಪ್ಪತ್ತೊಂದಕ್ಕೆ ಬರುವ ಹೊತ್ತಿಗೆ ಕೂಸು ಕೈಚಾಚಿ ಗಡಿಯಾರವನ್ನು ಹಿಡಿದು ಬಾಯಿಗೆ ಎಳೆದುಕೊಂಡಿತು. ಎಣಿಕೆ ತಪ್ಪಿಹೋಯಿತು. ಹುಡುಗಿ ಗಡಿಯಾರವನ್ನು ಬಿಡಿಸಿಕೊಂಡು, ಜೊಲ್ಲನ್ನು ಹತ್ತಿಯಿಂದ ಒರಸಿ, ಮುಳ್ಳು ಮತ್ತೆ ಮೇಲಕ್ಕೆ ಬರುವುದನ್ನು ಕಾಯುತ್ತ ನಿಂತಳು.